ಪಕ್ಕದ ತೊಟ್ಟಿಯ ಮೀನು

ಬಹ್ರೇನಿನ ಬುದಯ್ಯಾ ಊರಿನ ಕಡೆಯ ಒಂದು ಖರ್ಜೂರದ ತೋಟದಲ್ಲಿ ಗಿಡಗಳಿಗೆ ನೀರುಣಿಸಲು ಕಟ್ಟಿದ ಎರಡು ದೊಡ್ಡ ತೊಟ್ಟಿಗಳಿದ್ದವು. ಎರಡರಲ್ಲೂ ತಿಲಾಪಿಯಾ ಮೀನು. ತೋಟದ ಯಜಮಾನರು ನಮ್ಮ ಆಫೀಸಿನ ಹಳೆಯ ಗಿರಾಕಿ. ಶುಕ್ರವಾರ ಬಂದು ಗಾಳ ಹಾಕಿ, ಬದಲಿಗೆ ತೊಟ್ಟಿ ಚೊಕ್ಕವಾಗಿಡಿ ಎಂದು ಒಂದನ್ನು ನನಗೂ ಇನ್ನೊಂದನ್ನು ನನ್ನ ಸಹೋದ್ಯೋಗಿಗೂ ಒಪ್ಪಿಸಿದ್ದರು. ನಾನು ನೇತ್ರಾವತಿಯ ದಡದಲ್ಲಿ ಬೆಳೆದವನು. ಅವನು ಬೆಂಗಳೂರಿನವನು, ಇಲ್ಲಿಗೆ ಬರುವ ತನಕ ಗಾಳವನ್ನೇ ಮುಟ್ಟಿದವನಲ್ಲ.

ಆದರೂ ದೊಡ್ಡ ಮೀನೆಲ್ಲ ಅವನಿಗೇ. ನನಗೆ ಸಿಗುತ್ತಿದ್ದುದು ಬೆರಳುದ್ದದ ಮರಿಗಳು. ಹೊಳೆಯಲ್ಲಿ ಮರಿ ಸಿಕ್ಕರೆ ಬೆಳೆಯಲೆಂದು ವಾಪಸ್ ಬಿಡುವುದು ನಮ್ಮ ಮನೆಯ ಪದ್ಧತಿ. ಇಲ್ಲೂ ಹಾಗೇ ಬಿಡುತ್ತಿದ್ದೆ, ಮೇಲಿಂದ ಖುಬ್ಬೂಸ್ ರೊಟ್ಟಿಯ ಚೂರು ಬೇರೆ. ಅವನೋ, ಮರಿಗಳನ್ನು ಬಕೆಟ್ಟಿಗೆ ತುಂಬಿ ಮನೆಗೊಯ್ದು ಹುರಿದು ತಿನ್ನುತ್ತಿದ್ದ.

“ನೀವೂ ಮರಿ ತೆಗೀರಿ ಸಾರ್,” ಎಂದ ಒಮ್ಮೆ. “ಇದು ಹೊಳೆ ಅಲ್ವಲ್ಲ. ಇಷ್ಟು ಜಾಗದಲ್ಲಿ ಜಾಸ್ತಿಯಾದ್ರೆ ಒಂದೂ ಬೆಳೆಯಲ್ಲ.”

“ನನಗೆ ಮೀನಿನ ವಿಷಯ ಹೇಳಿಕೊಡ್ತೀರಾ ಮಾರಾಯ್ರೆ?”

ಅವನ ಮಾತು ಸರಿ ಎಂದು ಆಗಲೇ ಅನಿಸಿತ್ತು. ಅದಕ್ಕೇ ಕೇಳಲಿಲ್ಲ.

ಮೀನು ಹೋದರೆ ಹೋಗಲಿ, ನನ್ನ ಏಳು ವರ್ಷದ ಮಗಳೂ ಅವನ ತೊಟ್ಟಿಯ ಕಟ್ಟೆಯ ಮೇಲೇ ಕೂರತೊಡಗಿದಳು. ಅವಳಿಗೆ ಗಾಳ ಕಟ್ಟಲು ಕಲಿಸಿದವನು ನಾನು. ಅಲ್ಲಿಂದ ಅವಳ ನಗು ಕೇಳಿದಾಗಲೆಲ್ಲ ನೀರಲ್ಲಿದ್ದ ಗಾಳವನ್ನು ಎಳೆದು ಮತ್ತೆ ಎಸೆಯುತ್ತಿದ್ದೆ. ಬೇಸಿಗೆಯಲ್ಲಿ ಮೀನಿಗೆ ನೆರಳಿರಲೆಂದು ಅವನು ತೊಟ್ಟಿಯ ಒಂದು ಮೂಲೆಗೆ ಖರ್ಜೂರದ ಗರಿ ಹೊದಿಸುವಾಗ ಇವಳು ಗರಿ ಎಳೆದು ಕೊಡುತ್ತಿದ್ದಳು. ನನ್ನ ತೊಟ್ಟಿಗೂ ಗರಿ ಬೇಕಿತ್ತು. ನಾನೊಬ್ಬನೇ ಎಳೆದೆ.

ಒಂದು ಶುಕ್ರವಾರ ಅಲ್ಲಿ ಅವಳ ಗಾಳಕ್ಕೇ ಅಂಗೈಗಿಂತ ಅಗಲದ ಮೀನು ಬಿತ್ತು. ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಚೆಲ್ಲುತ್ತ ನನ್ನ ಬಳಿ ಓಡಿ ಬಂದಳು. ತೋರಿಸಲು ಬಂದಳೆಂದುಕೊಂಡೆ. ಅವಳು ಅದನ್ನು ನನ್ನ ತೊಟ್ಟಿಗೆ ಸುರಿದಳು.

“ಪಪ್ಪಾ, ನಿಮ್ಮದರಲ್ಲಿ ಬಿಗ್ ಫಿಶ್ ಇಲ್ಲ ಅಲ್ವಾ? ಈಗ ಒಂದು ಉಂಟು. ಹಿಡೀರಿ.”

ಎಷ್ಟೋ ವಾರಗಳ ಮೇಲೆ ನನಗೆ ಅಂಟಿಕೊಂಡು ಕೂತು ನೀರನ್ನೇ ನೋಡತೊಡಗಿದಳು. ಅವಳನ್ನು ಎತ್ತಿ ಮುದ್ದಿಸಬೇಕಿತ್ತು. ನಾನು ಮಾತ್ರ, ಇರುವ ಒಂದೇ ದೊಡ್ಡ ಮೀನೂ ಅವನದೇ ಆಯಿತಲ್ಲ ಎಂದು ಉರಿದುಕೊಂಡು, ಗಾಳವನ್ನು ನೀರಿನಿಂದ ಎಳೆದು ಸುತ್ತಿಟ್ಟೆ.