ಸೊಂಟಕ್ಕೆ ಸಾಲದ ಬೆಲ್ಟು

ದಿನವೂ ತಾಳೆ ಮರದ ತುದಿಯಿಂದ ಜನರನ್ನು ನೋಡುವವನಿಗೆ ಸ್ವಲ್ಪ ಜಂಭ ಬರುವುದು ಸಹಜ. ಗರಿಯಣ್ಣನಿಗೆ ಸ್ವಲ್ಪ ಹೆಚ್ಚೇ ಬಂದಿತ್ತು. ಎತ್ತರದ ತಾಳೆ ಮರಗಳ ಒಣ ಗರಿ ಕಡಿಯುವುದು ಅವನ ಕಸುಬು. ಕೆಳಗಿಳಿದ ಮೇಲೂ ಅವನ ಮಾತು ಮಾತ್ರ ಅರ್ಧ ದಿನ ಮರದ ಮೇಲೇ ಇರುತ್ತಿತ್ತು. "ಮೇಲಿಂದ ನೋಡಿದ್ರೆ ಎಲ್ಲರ ತಲೆನೂ ಒಂದೇ. ಸಾಹೇಬರದು ಸ್ವಲ್ಪ ಹೊಳೆಯುತ್ತೆ, ಅಷ್ಟೇ" ಎನ್ನುತ್ತಿದ್ದ.

ನೆಲದ ಆಡಳಿತ ಹೆಂಡತಿಯದು. ಏಣಿ ಹಿಡಿಯುವವಳು, ಹಗ್ಗಕ್ಕೆ ಗರಗಸ ಕಟ್ಟಿ ಮೇಲೆ ಕಳಿಸುವವಳು, ಮರದಡಿಗೆ ಬರುವವರನ್ನು ಪೊರಕೆ ತೋರಿಸಿ ಅಟ್ಟುವವಳು ಅವಳೇ. ಅವಳದೊಂದು ಕಟ್ಟಳೆಯಿತ್ತು: ಮರ ಹತ್ತುವಾಗ ಗಂಡ ಸೊಂಟಕ್ಕೆ ಬಿಗಿಯುವ ಬೆಲ್ಟಿನ ಬಕಲು 'ಟಕ್' ಎಂದದ್ದು ಕಿವಿಗೆ ಬೀಳುವ ತನಕ ಅವನು ಏಣಿಗೆ ಕಾಲಿಡುವಂತಿಲ್ಲ. ಕಣ್ಣು ದಾರಿಯ ಮೇಲಿರುತ್ತಿದ್ದರಿಂದ ಅವಳಿಗೆ ಕಿವಿಯೇ ಸಾಕ್ಷಿ.

ಆ ಮಳೆಗಾಲದಲ್ಲಿ ಕೆಲಸ ಕಡಿಮೆಯಾಯಿತು, ಊಟ ಎಂದಿನಷ್ಟೇ ಉಳಿಯಿತು. ಲಾಡ್ಜೊಂದರ ಮರಕ್ಕೆ ಕರೆ ಬಂದ ದಿನ ಗರಿಯಣ್ಣ ಬಚ್ಚಲ ಬಾಗಿಲು ಹಾಕಿಕೊಂಡು ಬೆಲ್ಟು ಕಟ್ಟಿ ನೋಡಿದ. ಬಕಲಿನ ಎರಡು ತುದಿಗಳು ಮುನಿಸಿಕೊಂಡ ಓರಗಿತ್ತಿಯರಂತೆ ದೂರ ದೂರವೇ ನಿಂತವು. ಉಸಿರು ಹಿಡಿದ, ಗೋಡೆಗೆ ಒರಗಿದ, ಬಗ್ಗಿದ. ಕೊನೆಗೆ ಗೋಣಿಚೀಲ ಹೊಲಿಯುವ ಹುರಿಯಿಂದ ಎರಡನ್ನೂ ಕಟ್ಟಿ ಮೇಲೆ ಅಂಗಿ ಇಳಿಬಿಟ್ಟ. ಹೊಟ್ಟೆ ಬಂದಿದೆ ಎಂದು ಹೆಂಡತಿಯೆದುರು ಒಪ್ಪಿಕೊಳ್ಳುವುದಕ್ಕಿಂತ ಹುರಿಯನ್ನು ನಂಬುವುದೇ ಮರ್ಯಾದೆ ಅನ್ನಿಸಿತು.

ಲಾಡ್ಜಿನ ಮುಂದೆ ಅವಳು ಬೆನ್ನು ತಿರುಗಿಸಿ ಯಾರೋ ಸ್ಕೂಟರಿನವನನ್ನು ಅಟ್ಟುತ್ತಿದ್ದಳು. ಗರಿಯಣ್ಣ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ 'ಟಕ್' ಎಂದು ಸದ್ದು ಮಾಡಿದ.

"ಹೂಂ, ಹತ್ತಿ" ಎಂದಳು.

ಹತ್ತಿದ. ತುದಿಯಲ್ಲಿ ಗರಗಸದ ಹಗ್ಗವನ್ನು ಗರಿಯ ಬುಡದ ಮೇಲಿಂದ ಹಾಯಿಸಿ ಕೆಳಕ್ಕೆ ಬಿಟ್ಟ, ಬೆಲ್ಟಿನ ಹಗ್ಗವನ್ನು ಮರಕ್ಕೆ ಬಳಸಿ ಕೊಂಡಿ ಹಾಕಿದ. ಇನ್ನು ಹಿಂದಕ್ಕೆ ಒರಗಿದರೆ ಎರಡು ಕೈಯೂ ಕೆಲಸಕ್ಕೆ ಸಿಗುತ್ತವೆ. ಒಂದಿಷ್ಟೇ ಒರಗಿದ. ಅಂಗಿಯೊಳಗೆ ಹುರಿ 'ಚಿರ್' ಎಂದಿತು. ಗರಿಯಣ್ಣ ಗಬಕ್ಕನೆ ಮರವನ್ನು ತಬ್ಬಿಕೊಂಡ. ಕೆಳಗಿನಿಂದ ಅವಳು ಎಳೆದ ಗರಗಸ ಮೇಲೆ ಬಂದು ಮೂಗಿನ ಮುಂದೆಯೇ ತೂಗಾಡಿತು. ಹಿಡಿಯುವ ಕೈಯೇ ಇರಲಿಲ್ಲ.

"ಏನ್ರೀ, ಮರಾನ ಹಾಗೆ ತಬ್ಕೊಂಡಿದ್ದೀರಿ? ಮದುವೆ ಆಗಿದ್ದು ನನ್ನ."

"ಗಾಳಿ ಕಣೇ."

"ಒಂದು ಗರಿನೂ ಅಲ್ಲಾಡ್ತಿಲ್ಲ."

"ಮೇಲಿನ ಗಾಳಿ ಬೇರೆ. ಕೆಳಗಿನವರಿಗೆ ಗೊತ್ತಾಗಲ್ಲ."

ಅವಳು ಗರಗಸವನ್ನು ಕೆಳಕ್ಕೆ ಇಳಿಸಿಕೊಂಡಳು. "ಬಕಲು ಒಂದ್ಸಲ ಒತ್ತಿ ನೋಡಿ. ಸದ್ದು ಕೇಳಲಿ."

ಗರಿಯಣ್ಣ ನಾಲಿಗೆ ಎತ್ತಿದ. ಭಯಕ್ಕೆ ಬಾಯಿ ಒಣಗಿ ಹೋಗಿತ್ತು. ಹೊರಬಿದ್ದದ್ದು ಹಲ್ಲಿ ಲೊಚಗುಟ್ಟಿದಂಥ ಒಂದು ಸದ್ದು.

ಕೆಳಗೆ ಅವಳು ಪೊರಕೆ ಬಿಸಾಡಿ ಎರಡೂ ಕೈಯಲ್ಲಿ ಏಣಿ ಹಿಡಿದಳು.

"ಅದು ಬಕಲಲ್ಲ. ನೀವು." ಅವಳ ದನಿಯಲ್ಲಿ ನಗುವಿರಲಿಲ್ಲ. "ಒಂದು ಕೈಲಿ ಏಣಿ ಬಿಗಿಯಾಗಿ ಹಿಡ್ಕೊಂಡು ಕೊಂಡಿ ಬಿಚ್ಚಿ. ಆಮೇಲೆ ಎರಡೂ ಕೈ ಏಣಿ ಮೇಲೆ. ಒಂದೊಂದೇ ಮೆಟ್ಟಿಲು. ಮಾತು ಬೇಡ."

ಇಳಿದ. ಅವಳು ಅಂಗಿ ಎತ್ತಿ ಹುರಿಯನ್ನು ಬೆರಳಲ್ಲಿ ಎಳೆದಳು. ಅದು ಪಟ್ಟನೆ ಹರಿದು ಅವಳ ಕೈಗೇ ಬಂತು. ಅದನ್ನು ನೋಡುತ್ತ ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಂಗಡಿ ಬೀದಿ ಮುಟ್ಟುವವರೆಗೂ ಗರಿಯಣ್ಣನಿಗೆ ಅನ್ನಿಸುತ್ತಲೇ ಇತ್ತು.

ಅಂಗಡಿಯೊಳಗೆ ಕಾಲಿಟ್ಟದ್ದೇ ಜಂಭ ಮರಳಿ ಬಂತು. "ಮರ ಹತ್ತೋ ಬೆಲ್ಟು ತೋರ್ಸಿ. ನನಗಲ್ಲ, ಗೆಳೆಯನಿಗೆ. ಆಳು ಸ್ವಲ್ಪ ದಪ್ಪ."

"ಅಳತೆ?" ಎಂದ ಅಂಗಡಿಯವನು.

"ನನಗಿಂತ ಎರಡು ಬೆರಳು ಜಾಸ್ತಿ ಇರಬಹುದು."

"ಆ ಗೆಳೆಯನ ಪರವಾಗಿ ನೀವೇ ಹಾಕಿ ನೋಡಿ" ಎಂದಳು ಹೆಂಡತಿ.

ಹಾಕಿದ. ಬಕಲು ಕೂಡಿತು. ಎದೆ ಹುಂಜದಂತೆ ಉಬ್ಬಿತ್ತು, ಮುಖ ಕೆಂಪೇರಿತ್ತು.

"ಈಗ ಉಸಿರು ಬಿಡಿ."

ಗರಿಯಣ್ಣ ಅಂಗಡಿಯವನನ್ನು ನೋಡಿದ, ಹೆಂಡತಿಯನ್ನು ನೋಡಿದ, ಬೇರೆ ದಾರಿ ಕಾಣದೆ ಬಿಟ್ಟ. ಬೆಲ್ಟಿನ ಮೇಲೂ ಕೆಳಗೂ ಹೊಟ್ಟೆ ಹೊರಗೆ ಬಂದು ನಿಂತಿತು. ಅಂಗಡಿಯವನು ದೊಡ್ಡ ಅಳತೆಯದನ್ನು ತರಲು ಒಳಗೆ ಹೊರಟ.

"ಅದಕ್ಕಿಂತ ಒಂದು ದೊಡ್ಡದೇ ತನ್ನಿ" ಎಂದಳು ಅವಳು. "ಗೆಳೆಯಂದು ಇನ್ನೂ ಬೆಳೆಯೋ ವಯಸ್ಸು."