ಗಾಳಿಯಲ್ಲಿ ದಾರ ಹುಡುಕಿದ ಕಾಕಾ

"ಪೇಶಂಟ್ ಕುಡೀತಾರೇನ್ರಿ?"

ಕಳೆದ ವಾರ ಹುಮನಾಬಾದಿನ ಆಸ್ಪತ್ರೆಯೊಂದರಲ್ಲಿ ಫಾರ್ಮು ತುಂಬುತ್ತಿದ್ದ ನರ್ಸ್ ನನ್ನನ್ನು ಕೇಳಿದ್ದು ಇಷ್ಟೇ. ಹರ್ನಿಯಾ ಆಪರೇಷನ್ನಿಗೆ ಅಡ್ಮಿಟ್ ಆಗಲು ಬಂದಿದ್ದ ನಮ್ಮ ಕಾಕಾ ಪಕ್ಕದಲ್ಲೇ ಕೂತಿದ್ದರು. ಇದೇ ಊರಿನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ಇದೇ ಪ್ರಶ್ನೆಗೆ ನಾನೊಮ್ಮೆ ಉತ್ತರ ಕೊಟ್ಟಿದ್ದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬಸವಕಲ್ಯಾಣದಲ್ಲಿ ಟೇಲರ್. ಇಪ್ಪತ್ತು ವರ್ಷದಿಂದ ದಿನಾ ಸಂಜೆ ಕುಡಿತ (ಆಮೇಲಾಮೇಲೆ ಮುಂಜಾನೆಯೂ). ಲಾಕ್‌ಡೌನ್ ಬಂತು, ದಾರೂ ಅಂಗಡಿಗೆ ಬೀಗ ಬಿತ್ತು. ನನಗೆಷ್ಟು ಖುಷಿ ಅಂತೀರಿ! 'ಕೊರೊನಾದಿಂದ ಒಂದಾದರೂ ಒಳ್ಳೇದಾಯಿತು' ಅಂತ ವಾಟ್ಸಾಪ್ ಸ್ಟೇಟಸ್ ಬೇರೆ ಹಾಕಿದೆ. (ಶಾಣ್ಯಾತನಕ್ಕೂ ಒಂದು ಮಿತಿ ಬೇಕಲ್ಲ?) ಕಾಕಾನ ಹೆಂಡತಿ, ನಮ್ಮ ಕಾಕಿ, ಸಿಹಿ ಸಜ್ಜಕ ಮಾಡಿ ನಮ್ಮ ಮನೆಗೂ ಕಳಿಸಿದರು.

ಎರಡನೇ ದಿನ ಕಾಕಾನ ಕೈ ನಡುಗತೊಡಗಿತು. ಓಣಿಯವರಿಗೆ ಹೊಲಿಯುತ್ತಿದ್ದ ಮಾಸ್ಕಿನ ಹೊಲಿಗೆ ಸೊಟ್ಟಾಯಿತು. ಮೂರನೇ ದಿನ ಹಾಸಿಗೆಯ ಮೇಲೆ ಕೂತು, ಬೆವರುತ್ತಾ, ಎರಡು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಹಿಡಿದು ಹಿಡಿದು ಎಳೆಯುತ್ತಿದ್ದರು.

"ಏನ್ ಮಾಡಾಕತ್ತೀರಿ ಕಾಕಾ?"

"ದಾರ ಜೋತಾಡಾಕತ್ತಾವಲ್ಲ, ನಿನಗ ಕಾಣವಲ್ವೇನು?"

ಕಾಕಿ ನಕ್ಕರು. "ಮಷೀನ್ ಬಿಟ್ಟು ಇರೂ ಜೀವ ಅಲ್ಲವ್ವಾ ಇದು. ಕೆಲಸದ ಮ್ಯಾಲೇ ಧ್ಯಾಸ!"

ನಾನೂ ನಕ್ಕೆ. ಕಾಯಕದ ಊರಿನವರು ನಾವು. ಮನುಷ್ಯ ಕೆಲಸದ ಮಾತಾಡುತ್ತಿದ್ದಾನೆ ಅಂದರೆ ನೆಟ್ಟಗಿದ್ದಾನೆ ಅಂತಲೇ ಲೆಕ್ಕ.

ನಾಲ್ಕನೇ ದಿನ ಮುಂಜಾನೆ ಕಾಕಾಗೆ ನಮ್ಮ ಗುರುತೇ ಹತ್ತಲಿಲ್ಲ. ಊರಿನ ದವಾಖಾನೆಗೆ ಕಾಕಿ ಸುತಾರಾಂ ಒಪ್ಪಲಿಲ್ಲ. "ಮಗಳ ಲಗ್ನ ಗೊತ್ತಾಗೇದ. ಇಲ್ಲಿ ಎಲ್ಲಾರೂ ಗುರ್ತಿನವರು. ಹುಮನಾಬಾದಕ್ಕ ನಡಿ," ಅಂದರು. ಊರು ದಾಟುವ ಪಾಸಿನಲ್ಲಿ ಕಾರಣ ಬರೆಯಬೇಕಲ್ಲ? ನಾನೇ ಬರೆದೆ: ಜ್ವರ. ಮರ್ಯಾದಸ್ಥರ ಕಾಯಿಲೆ ನೋಡಿ!

ಚೆಕ್‌ಪೋಸ್ಟಿನ ಪೊಲೀಸಪ್ಪ ಅದನ್ನು ಓದಿ ಎರಡು ಹೆಜ್ಜೆ ಹಿಂದೆ ಸರಿದ. "ಜ್ವರ ಅಂದ್ರ ಸೀದಾ ಜ್ವರದ ಸಾಲಿಗೇ ಹೋಗ್ರಿ." ಹೋದೆವು. ಸುಣ್ಣದ ವೃತ್ತದೊಳಗೆ ಕಾಕಾನನ್ನು ಕೂರಿಸಿದೆವು. ಮೈತುಂಬ ಪಿಪಿಇ ಕಿಟ್ ಹಾಕಿದ ಡಾಕ್ಟರು ದೂರದಿಂದಲೇ ಕೇಳಿದರು, "ಕುಡೀತಾರೇನ್ರಿ?"

"ಛೇ ಛೇ, ಇಲ್ರಿ!" ಅಂದವಳು ನಾನೇ. ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನೇ.

ಡಾಕ್ಟರು ಮುಂದಿನವರ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ಕಾಕಾ ವೃತ್ತದಲ್ಲೇ ಬಿದ್ದರು. ಹಲ್ಲು ಕಚ್ಚಿಕೊಂಡವು, ಮೈಯೆಲ್ಲ ಅದುರತೊಡಗಿತು. ಆಗ ಕಾಕಿ ಮಾಸ್ಕ್ ಕಿತ್ತೆಸೆದು, ಇಡೀ ಸಾಲಿಗೆ ಕೇಳುವಂತೆ ಚೀರಿದರು:

"ಕುಡೀತಾರ್ರೀ ಯಪ್ಪಾ! ಇಪ್ಪತ್ತು ವರ್ಷದಿಂದ ಕುಡೀತಾರ! ನಾಕು ದಿನ ಆತು, ಸಿಕ್ಕಿಲ್ಲ!"

ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನನ್ನು ಬದಿಗೆ ಕರೆದು ಹೇಳಿದರು: "ದಿನಾ ಕುಡಿಯೋರಿಗೆ ಒಮ್ಮೆಲೇ ನಿಂತ್ರ ಜೀವಕ್ಕೇ ಬರ್ತದ. ಇದಕ್ಕೂ ಔಷಧ ಅದರೀ. ಮುಚ್ಚಿಟ್ರ ನಾವೇನ್ ಮಾಡೂಣು?"

ಕಾಕಾ ಉಳಿದರು. ಕುಡಿತ ಬಿಡಿಸುವ ಔಷಧಕ್ಕೆ ವಾರಕ್ಕೊಮ್ಮೆ ಬನ್ನಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಬರುವುದು ಹೇಗೆ? ಬಸ್ಸಿಲ್ಲ. ಪಾಸು ಕೇಳಿದರೆ 'ಎಮರ್ಜೆನ್ಸಿ ಏನದ?' ಅಂತ ಪ್ರಶ್ನೆ, ನಮಗೋ ಬಾಯಿ ಬಿಡಲು ನಾಚಿಕೆ. ಅಷ್ಟರಲ್ಲಿ ದಾರೂ ಅಂಗಡಿ ತೆರೆದವು. ಅಲ್ಲೂ ಸುಣ್ಣದ ವೃತ್ತಗಳು. ಅದರಲ್ಲೊಂದರಲ್ಲಿ ಕಾಕಾ ನಿಂತಿದ್ದರು. ಅಲ್ಲಿಗೆ ಯಾರೂ ಪಾಸು ಕೇಳಲಿಲ್ಲ.

ಈಗ ಮತ್ತೆ ಆ ನರ್ಸಿನ ಪ್ರಶ್ನೆ. ಆಪರೇಷನ್ ಅಂದರೆ ಆಸ್ಪತ್ರೆಯಲ್ಲಿ ನಾಲ್ಕು ದಿನ. ಕುಡಿತವಿಲ್ಲದ ನಾಲ್ಕು ದಿನ! ಹೇಳದಿದ್ದರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಎದುರಿನ ಬೆಂಚಿನಲ್ಲಿ ನಮ್ಮ ಓಣಿಯವರೇ ಇಬ್ಬರು ಕೂತು ಇತ್ತಲೇ ನೋಡುತ್ತಿದ್ದರು.

"ಹಂಗೇನಿಲ್ರಿ..." ಅಂತ ನನ್ನ ಬಾಯಿಂದ ಹೊರಟೇಬಿಟ್ಟಿತು.

ಕಾಕಾ ನನ್ನ ಕೈ ಒತ್ತಿ ಹಿಡಿದರು.

"ಈಕೀಗಿ ಕೇಳಬ್ಯಾಡ್ರಿ ಸಿಸ್ಟರ್. ದಿನಾ ಕುಡೀತೇನಿ, ಬರಕೋರಿ. ಹೋದ ಸಲ ಡಾಕ್ಟರು ಈಕಿ ಮಾತು ನಂಬಿದ್ದಕ್ಕ ನಾ ಸಾಯ್ತಿದ್ದೆ."