ಸೆಗಣಿ ಕಲಸುವ ಕೈ

ಹಂಚಿನ ಕೆಳಗಿನ ನೀಲಿ ಉರಿ ಕುಗ್ಗಿ ಕುಗ್ಗಿ ಪುಕ್ಕೆಂದು ಆರಿಹೋಯಿತು. ತಟ್ಟಿದ ರೊಟ್ಟಿ ಸಾವಂತ್ರವ್ವನ ಕೈಯಲ್ಲೇ ಉಳಿಯಿತು. ಪಡಸಾಲೆಯಲ್ಲಿ ಗಂಡನ ಸೋದರಮಾವ ತಿಮ್ಮಣ್ಣ, ತುಳಸಿಗೇರಿಯಿಂದ ಬಂದವನು, ಕೈ ತೊಳೆದು ಕೂತಿದ್ದ. ಮಗಳು ಸುಧಾರಾಣಿ ಏಳನೆಯ ತರಗತಿಯ ಪರೀಕ್ಷೆಗೆ ಹೊರಟು ನಿಂತಿದ್ದಳು.

ಶಿರೂರಿಗೆ ಸೊಸೆಯಾಗಿ ಬಂದಾಗಿನಿಂದ ಸಾವಂತ್ರವ್ವ ಜಾಲಿಕಟ್ಟಿಗೆ ಹೊತ್ತವಳು. ಗುಡ್ಡ ಬೋಳಾದಷ್ಟೂ ದಾರಿ ಉದ್ದವಾಯಿತು, ಹೊಗೆ ಕುಡಿದು ಕೆಮ್ಮು ಹತ್ತಿತು. ಮಗಳು ಒಂದಿಷ್ಟು ಎತ್ತರವಾದದ್ದೇ ತಡ, ಅವಳ ತಲೆಗೂ ಹೊರೆಯ ಸಿಂಬಿ ಬಂತು. ತೊಂಬತ್ತೆಂಟರಲ್ಲಿ ಗೋಬರ್ ಗ್ಯಾಸ್ ಬಂತು. ಗಂಡ ಲಕ್ಷ್ಮಪ್ಪ ತಾನೇ ಗುಂಡಿ ತೋಡಿದ, ಊರಿಗೆಲ್ಲ ತೋರಿಸಿದ. ಹೊಗೆ ಹೋಯಿತು, ಹುಡುಗಿ ಶಾಲೆಗೆ ಹೋದಳು. ಆದರೆ ಎಮ್ಮೆಗಳ ಸೆಗಣಿ ಬಾಚಿ, ನೀರು ಹೊತ್ತು, ಕಲಸಿ, ದಿನಾ ಗ್ಯಾಸಿನ ತೊಟ್ಟಿಗೆ ಸುರಿಯುವವರು ಯಾರೆಂದು ಯಾರೂ ಕೇಳಲಿಲ್ಲ. ಹೋದ ವಾರವೆಲ್ಲ ಅವಳು ಜ್ವರದಿಂದ ಮಲಗಿದ್ದಳು. ತೊಟ್ಟಿಯೂ ಉಪವಾಸ ಬಿದ್ದಿತ್ತು.

"ಸುಧಾ, ಚೀಲ ಇಡು. ಗುಡ್ಡಕ್ಕ ಹೋಗಿ ನಾಕ ಕಟ್ಟಿಗಿ ತಾ," ಅಂದ ಲಕ್ಷ್ಮಪ್ಪ.

"ಅಪ್ಪಾ, ಇವತ್ತ ಪರೀಕ್ಷಾ ಐತಿ!"

"ಮನಿಗೆ ಬಂದ ಮಾವ ಉಪಾಸ ಕುಂದರಬೇಕೇನ?" ಅವನು ಚೀಲದ ಪಟ್ಟಿ ಹಿಡಿದೆಳೆದ.

ಈ ಪರೀಕ್ಷೆ ತಪ್ಪಿದರೆ ಶಾಲೆಯ ಮಾತು ಮುಗಿದಂತೆ. ಅದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು. ಸಾವಂತ್ರವ್ವ ಎದ್ದು ಬಂದು ಚೀಲದ ಇನ್ನೊಂದು ಬದಿ ಹಿಡಿದಳು. ಜೋಳದ ಹಿಟ್ಟಿನ ಬೆರಳುಗಳು ಬಟ್ಟೆಯ ಮೇಲೆ ಬೆಳ್ಳಗೆ ಮೂಡಿದವು.

"ಬಿಡ್ರಿ. ಅಕಿ ಸಾಲಿಗೆ ಹೋಗ್ತಾಳ."

"ಬಾಳ ಮಾತ ಬಂದಾವ ನಿನಗ!"

ಸಾವಂತ್ರವ್ವ ಚೀಲ ಬಿಡದೆಯೇ ತಿಮ್ಮಣ್ಣನ ಕಡೆ ತಿರುಗಿದಳು. "ಮಾವಾರ, ಬುಟ್ಟ್ಯಾಗ ಖಡಕ್ ರೊಟ್ಟಿ ಅದಾವ. ಶೇಂಗಾ ಚಟ್ನಿ, ಗಟ್ಟಿ ಮೊಸರ ಕೊಡ್ತೇನಿ. ಅದಕ್ಕ ಉರಿ ಬೇಕಾಗಿಲ್ರಿ."

"ನನಗ ಹಲ್ಲ ಎಲ್ಲಿ ಅದಾವವ್ವಾ? ಮೊಸರಾಗ ನೆನಿಹಾಕು," ಅಂದ ಮುದುಕ. ಆಮೇಲೆ ಅಳಿಯನನ್ನು ನೋಡಿ ನಕ್ಕ. "ಲೇ ಲಕ್ಷ್ಮಪ್ಪ, ಊರತುಂಬ ನನ್ನ ಗ್ಯಾಸ ನನ್ನ ಗ್ಯಾಸ ಅಂತಿದ್ದಿ. ಎಲ್ಲೈತಿ ಲೇ ಅದು?"

ಲಕ್ಷ್ಮಪ್ಪನ ಕೈ ಸಡಿಲಾಯಿತು. ಸುಧಾರಾಣಿ ಚೀಲ ಕಿತ್ತುಕೊಂಡು ಓಡಿದವಳು ಹಿಂತಿರುಗಿ ನೋಡಲಿಲ್ಲ.

ಮಾವನ ಊಟ ಮುಗಿಯುವ ಹೊತ್ತಿಗೆ ಹಿತ್ತಲಿನಿಂದ ಬಕೆಟ್ಟಿನ ಸದ್ದು ಕೇಳಿತು. ಹಿಂದೆಯೇ ಗಂಡನ ದನಿ:

"ಏ, ಇದಕ್ಕ ನೀರ ಎಷ್ಟ ಹಾಕಬೇಕ?"

ಸಾವಂತ್ರವ್ವ ಏಳಲಿಲ್ಲ. "ಸೆಗಣಿ ಎಷ್ಟೋ ಅಷ್ಟ. ಗಂಟ ಉಳಿಬಾರದು, ಕೈ ಹಾಕಿ ಕಲಸ್ರಿ," ಅಂದಳು.